ದಾಳಿಂಬೆಯ ಐದು: ಟಿಬೆಟ್ಟಿನ ಜಠರೌಷಧವೊಂದರ ಕುರಿತು ಸಂವಾದ

ಟಿಬೆಟ್ಟಿನ ವೈದ್ಯಪರಂಪರೆಗೆ ಮೂಲಾಧಾರವಾದ ‘ಗ್ಯೂಶಿ’, ಎಂದರೆ ‘ನಾಲ್ಕು ತಂತ್ರಗಳು’, ಇಬ್ಬರು ಋಷಿಗಳ ಪ್ರಶ್ನೋತ್ತರದ ರೂಪದಲ್ಲಿ ರಚಿತವಾದ ಗ್ರಂಥ. ಅದರಲ್ಲಿ ಯೀಲೇ ಕ್ಯೇ ಎಂಬ ಋಷಿ ಕೇಳುತ್ತಾನೆ, ರಿಗ್ಪೇ ಯೇಶೇ ಎಂಬ ಋಷಿ ಉತ್ತರಿಸುತ್ತಾನೆ. ಇಬ್ಬರೂ ಭೈಷಜ್ಯಗುರು ಬುದ್ಧನಿಂದಲೇ ಹೊರಹೊಮ್ಮಿದ ರೂಪಗಳೆಂಬುದು ಪರಂಪರೆಯ ನಂಬಿಕೆ. ಕೇಳುವವನ ಸಂದೇಹ ಎಷ್ಟು ಖಚಿತವಾಗಿರುತ್ತದೋ ಹೇಳುವವನ ಮಾತೂ ಅಷ್ಟೇ ಖಚಿತವಾಗುವ ಈ ಕ್ರಮವನ್ನೇ ಅನುಸರಿಸಿ, ಆ ಪರಂಪರೆಯ ಅತಿ ಪರಿಚಿತ ಜಠರೌಷಧವಾದ ‘ಸೆಂದು ಙಾಪ’ವನ್ನು ಇಲ್ಲಿ ವಿಚಾರಿಸಲಾಗಿದೆ. ಕೇಳುವವರು ಆಯುರ್ವೇದವನ್ನು ಓದಿದ ವಿದ್ಯಾರ್ಥಿ. ಉತ್ತರಿಸುವವರು ಟಿಬೆಟನ್ ವೈದ್ಯಗ್ರಂಥಗಳನ್ನು ದೀರ್ಘಕಾಲ ಅಭ್ಯಸಿಸಿದ ಪಂಡಿತರು.

ವಿದ್ಯಾರ್ಥಿ: ಸೆಂದು ಙಾಪ ಎಂಬ ಹೆಸರು ಯಾವುದನ್ನು ಸೂಚಿಸುತ್ತದೆ, ಅದರಲ್ಲಿ ಏನೇನು ಸೇರಿದೆ ಎಂಬುದನ್ನು ತಾವು ಮೊದಲು ತಿಳಿಸಬೇಕು.

ಪಂಡಿತರು: ‘ಸೆಂದು’ ಎಂದರೆ ದಾಳಿಂಬೆ, ‘ಙಾಪ’ ಎಂದರೆ ಐದು ದ್ರವ್ಯಗಳುಳ್ಳದ್ದು. ದಾಳಿಂಬೆಯ ಒಣಗಿದ ಬೀಜ, ದಾಲ್ಚಿನ್ನಿ ಚಕ್ಕೆ, ಏಲಕ್ಕಿ, ಹಿಪ್ಪಲಿ ಮತ್ತು ಶುಂಠಿಯ ಬಳಗಕ್ಕೆ ಸೇರಿದ ಒಂದು ಗಡ್ಡೆ, ಇವು ಆ ಐದು. ಐದನೆಯದಾದ ಗಡ್ಡೆಯನ್ನು ಹಲವರು ಕನ್ನಡದಲ್ಲಿ ದುಂಪರಾಸ್ನೆ ಎನ್ನುವ ಗಿಡದಿಂದ ಪಡೆಯುತ್ತಾರೆ, ಬೇರೆ ಕೆಲವರು ಅದೇ ಬಳಗದ ಮತ್ತೊಂದು ಗಡ್ಡೆಯನ್ನು ಬಳಸುತ್ತಾರೆ. ಈ ಗಡ್ಡೆಯ ಸ್ಥಾನದಲ್ಲಿ ಕುಸುಬೆಯ ಹೂವು ಬಂದರೆ ಅದು ‘ಸೆಂದು ದಂಗ್ನೇ’ ಎಂಬ ಸೋದರ ಯೋಗ, ಎಂದರೆ ಔಷಧ ಮಿಶ್ರಣ, ಆಗುತ್ತದೆ. ಅನ್ನರಸವನ್ನು ಅದರ ಸ್ವಸ್ಥಾನದಲ್ಲಿ ನೆಲೆಗೊಳಿಸುವುದು ಈ ಸೋದರ ಯೋಗದ ಉದ್ದೇಶ. ಎರಡನ್ನೂ ನುಣ್ಣಗೆ ಪುಡಿಮಾಡಿ, ಪುಡಿಯಾಗಿಯೇ ಅಥವಾ ‘ರಿಲ್ಬು’ ಎಂದು ಕರೆಯುವ ಗುಳಿಗೆಯಾಗಿ ಉಂಡೆಕಟ್ಟಿ, ಬಿಸಿನೀರಿನೊಡನೆ ಕೊಡುವುದು ರೂಢಿ.

ವಿದ್ಯಾರ್ಥಿ: ಈ ಪಟ್ಟಿಯನ್ನು ಕೇಳಿದರೆ ಕರ್ನಾಟಕದ ಯಾವುದೇ ಗಂಧಿಗೆ ಅಂಗಡಿಯಲ್ಲಿ ಅರ್ಧ ಗಳಿಗೆಯಲ್ಲಿ ಕಟ್ಟಿಸಬಹುದಾದ ಪೊಟ್ಟಣದಂತೆ ತೋರುತ್ತದೆ. ಹಿಮಾಲಯದ ಶಿಖರಗಳಲ್ಲಿ ಮಾತ್ರ ಸಿಗುವ ಅಪೂರ್ವ ಮೂಲಿಕೆಗಳ ವೈದ್ಯವೆಂದು ಪ್ರಚಾರ ಪಡೆದ ಪದ್ಧತಿಯ ಪ್ರಮುಖ ಜಠರೌಷಧ ಇದೇ ಎಂದರೆ ಆಶ್ಚರ್ಯವಾಗುತ್ತದೆ.

ಪಂಡಿತರು: ಆ ಪ್ರಚಾರವೇ ತಪ್ಪು ದಾರಿಗೆಳೆಯುವಂಥದ್ದು. ಟಿಬೆಟ್ಟಿನ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸರಾಸರಿ 4,000 ಮೀಟರಿಗಿಂತ ಎತ್ತರದಲ್ಲಿದೆ. ಈ ಐದು ದ್ರವ್ಯಗಳಲ್ಲಿ ಒಂದೂ ಅಲ್ಲಿ ಬೆಳೆಯುವುದಿಲ್ಲ. ದಾಳಿಂಬೆ ಬೆಚ್ಚನೆಯ ಕಣಿವೆಗಳ ಮರ. ಹಿಮಾಲಯದ ತಪ್ಪಲಲ್ಲಿ, ಹಿಮಾಚಲದ ಕೆಳಬೆಟ್ಟಗಳಲ್ಲಿ, ಅದರ ಕಾಡು ಜಾತಿ ಸಿಗುತ್ತದೆಯಾದರೂ ಅದರಿಂದ ಮೇಲಕ್ಕೆ ಅದು ಏರಲಾರದು. ಏಲಕ್ಕಿ ಮೂಲತಃ ಪಶ್ಚಿಮ ಘಟ್ಟದ ನೆರಳುಗಾಡಿನ ಗಿಡ, ಹಿಪ್ಪಲಿ ಬಿಸಿಲು ಮಳೆ ಎರಡೂ ಬೇಡುವ ಬಳ್ಳಿ, ದಾಲ್ಚಿನ್ನಿಯೂ ಶುಂಠಿಯ ಬಳಗವೂ ಉಷ್ಣವಲಯದವು. ಪ್ರಸ್ಥಭೂಮಿಯಲ್ಲೇ ಹುಟ್ಟುವ ಮೂಲಿಕೆಗಳ ಸಂಖ್ಯೆ ದೊಡ್ಡದು, ಅವುಗಳ ಮಹತ್ವವೂ ದೊಡ್ಡದು. ಆದರೆ ಹಿಮದಂಚಿನಲ್ಲಿ ಬೆಳೆಯುವ ಕಿರಾತಕಡ್ಡಿಯ ಬಳಗದಂಥ ಕಹಿ ಗಿಡಗಳಲ್ಲಿ ಬಹುಪಾಲು ಶೀತವೀರ್ಯದವು, ಎಂದರೆ ತಂಪುಗೊಳಿಸುವಂಥವು, ಜ್ವರ, ಪಿತ್ತ ಮುಂತಾದ ಉಷ್ಣರೋಗಗಳಿಗೆ ಸಲ್ಲುವಂಥವು. ಚಳಿಯ ನಾಡಿನಲ್ಲಿ ಹೊಟ್ಟೆಗೆ ಬೇಕಾದ ಬಿಸುಪು ಆ ನಾಡಿನ ಮಣ್ಣಿನಿಂದ ದೊರೆಯಲಿಲ್ಲ. ಅದು ದಕ್ಷಿಣದಿಂದ, ಕಣಿವೆಗಳನ್ನು ಹತ್ತಿ, ವರ್ತಕರ ಹೇರುಗಳಲ್ಲಿ ಬರಬೇಕಾಯಿತು. ಈ ಔಷಧವನ್ನು ಬೆಟ್ಟದ ಗುಟ್ಟು ಎನ್ನುವುದಕ್ಕಿಂತ ದಾರಿಗಳ ಫಲ ಎನ್ನುವುದು ಸತ್ಯಕ್ಕೆ ಹತ್ತಿರ.

ವಿದ್ಯಾರ್ಥಿ: ಗ್ರಂಥಕರ್ತರಿಗೆ ಈ ಅರಿವು ಇತ್ತೇ, ಅಥವಾ ಇದು ಈಗಿನ ಸಸ್ಯಶಾಸ್ತ್ರದ ನೆಲೆಯಿಂದ ಹಿಂದಕ್ಕೆ ನೋಡಿ ಹೇಳುವ ಮಾತೇ?

ಪಂಡಿತರು: ಅರಿವು ಸ್ಪಷ್ಟವಾಗಿಯೇ ಇತ್ತು. ಗ್ಯೂಶಿಯ ಮೊದಲ ಅಧ್ಯಾಯವೇ ‘ತಾನದೂಗ್’ ಎಂಬ ಔಷಧನಗರಿಯ ವರ್ಣನೆ. ಭೈಷಜ್ಯಗುರು ಕುಳಿತ ಆ ನಗರಿಯ ನಾಲ್ಕು ದಿಕ್ಕಿಗೆ ನಾಲ್ಕು ಪರ್ವತಗಳಿವೆ. ಉತ್ತರದ ಹಿಮಗಿರಿಯಲ್ಲಿ ಚಂದ್ರನ ಶಕ್ತಿಯಿದೆ, ಅಲ್ಲಿ ಉಷ್ಣರೋಗಗಳನ್ನು ತಣಿಸುವ ಚಂದನ, ಕರ್ಪೂರ, ಬೇವು ಮೊದಲಾದವು ಬೆಳೆಯುತ್ತವೆ. ದಕ್ಷಿಣದ ಪರ್ವತದ ಹೆಸರು ‘ಬಿಗ್ಚೇ’, ಸಂಸ್ಕೃತದ ವಿಂಧ್ಯ. ಅದರಲ್ಲಿ ಸೂರ್ಯನ ಶಕ್ತಿಯಿದೆ, ಅಲ್ಲಿ ಶೀತರೋಗಗಳನ್ನು ಕಳೆಯುವ ದಾಳಿಂಬೆ, ಮೆಣಸು, ಹಿಪ್ಪಲಿ ಬೆಳೆಯುತ್ತವೆ. ಪೂರ್ವದ ಗಂಧಮಾದನದಲ್ಲಿ ಅಳಲೆಯ ವನವಿದೆ. ಪಶ್ಚಿಮಕ್ಕಿರುವುದು ಮಲಯ ಪರ್ವತ. ಅಲ್ಲಿ ‘ಆರು ಶ್ರೇಷ್ಠಗಳು’ ಎಂದು ಹೆಸರಾದ ದ್ರವ್ಯಗಳು ದೊರೆಯುತ್ತವೆ, ಅವುಗಳಲ್ಲಿ ಏಲಕ್ಕಿಯೂ ಒಂದು. ಕನ್ನಡ ಕಾವ್ಯದ ಓದುಗರಿಗೆ ಮಲಯಮಾರುತದ ಮೂಲಕ ಪರಿಚಿತವಾದ ಪರ್ವತ ಅದೇ. ಸಂಸ್ಕೃತ ಸಾಹಿತ್ಯದಲ್ಲಿ ಆ ಹೆಸರು ಪಶ್ಚಿಮ ಘಟ್ಟದ ದಕ್ಷಿಣ ಭಾಗಕ್ಕೆ ಸಲ್ಲುತ್ತದೆ. ಇದು ಧ್ಯಾನಕ್ಕೆಂದು ಕಲ್ಪಿಸಿದ ನಗರಿ, ಭೂಪಟವಲ್ಲ, ನಿಜ. ಆದರೆ ಬಿಸಿಯನ್ನು ದಕ್ಷಿಣದಲ್ಲೂ ತಂಪನ್ನು ಉತ್ತರದಲ್ಲೂ ಇರಿಸಿದ ಆ ಕಲ್ಪನೆ, ಯಾವ ಔಷಧ ಯಾವ ಕಡೆಯಿಂದ ಬರುತ್ತದೆಂಬುದನ್ನು ಬಲ್ಲವರ ಕಲ್ಪನೆ.

ವಿದ್ಯಾರ್ಥಿ: ದ್ರವ್ಯಗಳು ಭಾರತದವು, ಪರ್ವತಗಳ ಹೆಸರುಗಳೂ ಭಾರತದವು. ಹಾಗಿದ್ದರೆ ಸೆಂದು ಙಾಪವು ದಾಳಿಂಬೆಯನ್ನೇ ಮುಖ್ಯವಾಗುಳ್ಳ ಆಯುರ್ವೇದದ ದಾಡಿಮಾಷ್ಟಕ ಚೂರ್ಣದ ಟಿಬೆಟನ್ ಪ್ರತಿಯೆಂದು ಏಕೆ ಹೇಳಬಾರದು?

ಪಂಡಿತರು: ಋಣವನ್ನು ಅಲ್ಲಗಳೆಯುವಂತಿಲ್ಲ. ವಾಗ್ಭಟನ ಆಯುರ್ವೇದ ಗ್ರಂಥವಾದ ಅಷ್ಟಾಂಗಹೃದಯವು 11ನೆಯ ಶತಮಾನದಲ್ಲಿ ಮಹಾ ಅನುವಾದಕ ರಿಂಚೆನ್ ಜಾಂಗ್ಪೊವಿನ (958–1055) ಕಾಲದಲ್ಲಿ ಟಿಬೆಟನ್ ಭಾಷೆಗೆ ಬಂದಿತು. 12ನೆಯ ಶತಮಾನದಲ್ಲಿ ಯುಥೋಕ್ ಯೋಂಟೆನ್ ಗೋನ್ಪೊ ಗ್ಯೂಶಿಯನ್ನು ಈಗಿನ ರೂಪಕ್ಕೆ ತಂದಾಗ ವಾಗ್ಭಟನ ಅನೇಕ ಭಾಗಗಳು ಅದರಲ್ಲಿ ಬೆರೆತವು. 156 ಅಧ್ಯಾಯಗಳ ಆ ಗ್ರಂಥ ಬುದ್ಧವಚನವೋ ಮನುಷ್ಯಕೃತಿಯೋ ಎಂಬ ವಾದ ಟಿಬೆಟ್ಟಿನ ಪಂಡಿತರಲ್ಲೇ ಶತಮಾನಗಳ ಕಾಲ ನಡೆದಿದೆ. ಆದರೆ ಋಣವೆಂಬುದು ಬೇರೆ, ಪ್ರತಿಯೆಂಬುದು ಬೇರೆ. ದಾಡಿಮಾಷ್ಟಕದಲ್ಲಿ ಸಕ್ಕರೆ ಹೇರಳವಾಗಿ ಸೇರುತ್ತದೆ, ಅದು ಮುಖ್ಯವಾಗಿ ಅತಿಸಾರವನ್ನು, ಎಂದರೆ ಭೇದಿಯನ್ನು, ಕಟ್ಟುವುದಕ್ಕೆ ಹೊರಟ ಯೋಗ. ಸೆಂದು ಙಾಪದ ಗುರಿ ಅದಲ್ಲ. ಮಲ ಹೇಗಿದೆ ಎಂಬುದಕ್ಕಿಂತ ಮೊದಲು ಜಠರದ ಬಿಸಿ ಹೇಗಿದೆ ಎಂದು ಅದು ಕೇಳುತ್ತದೆ. ಗ್ಯೂಶಿಯಲ್ಲಿ ನಾಡಿಪರೀಕ್ಷೆಗೂ ಮೂತ್ರಪರೀಕ್ಷೆಗೂ ಇರುವಷ್ಟು ವಿಸ್ತಾರ ವಾಗ್ಭಟನಲ್ಲಿ ಇಲ್ಲ, ಅವು ಬೇರೆ ಕಡೆಗಳಿಂದಲೂ ಸ್ಥಳೀಯ ಅನುಭವದಿಂದಲೂ ಸೇರಿ ಬಂದವು. ಒಂದು ಯೋಗವನ್ನು ಅದರ ದ್ರವ್ಯಗಳಿಂದಷ್ಟೇ ಅಳೆದರೆ ಅದನ್ನು ಯಾವ ಪರೀಕ್ಷೆಯ ಕೊನೆಗೆ ಕೊಡಲಾಗುತ್ತದೆಂಬುದು ಕಣ್ಣಿಗೆ ಬೀಳುವುದಿಲ್ಲ.

ವಿದ್ಯಾರ್ಥಿ: ಜಠರದ ಬಿಸಿ ಎಂಬುದನ್ನು ಈ ಶಾಸ್ತ್ರ ಹೇಗೆ ಅರ್ಥಮಾಡಿಕೊಳ್ಳುತ್ತದೆ?

ಪಂಡಿತರು: ಅದಕ್ಕೆ ‘ಮೇಡ್ರೋ’ ಎಂದು ಹೆಸರು, ಆಯುರ್ವೇದದ ಜಠರಾಗ್ನಿಗೆ ಸಮನಾದದ್ದು. ಶರೀರವನ್ನು ಮೂರು ‘ನ್ಯೇಪ’ಗಳು, ಎಂದರೆ ದೋಷಗಳು, ನಡೆಸುತ್ತವೆ: ಲುಂಗ್ ಎಂಬ ವಾತ, ಟೀಪ ಎಂಬ ಪಿತ್ತ, ಬೇಕೆನ್ ಎಂಬ ಕಫ. ಈ ಮೂರಕ್ಕೂ ಐದೈದು ಪ್ರಭೇದಗಳಿದ್ದು, ಪ್ರತಿಯೊಂದರಲ್ಲಿ ಒಂದು ಪ್ರಭೇದ ಜೀರ್ಣಕ್ರಿಯೆಗೆ ಮೀಸಲು. ಅನ್ನ ಹೊಟ್ಟೆಗಿಳಿದಾಗ ಮೊದಲು ಕೊಳೆಯಿಸುವ ಕಫವು ಅದನ್ನು ನೆನೆಸಿ ಮೆತ್ತಗೆ ಮಾಡುತ್ತದೆ, ಆಮೇಲೆ ಪಚನಪಿತ್ತವು ಅದನ್ನು ಬೇಯಿಸುತ್ತದೆ, ಕೊನೆಗೆ ಅಗ್ನಿಸಮ ವಾತವು ಸಾರವನ್ನೂ ಕಿಟ್ಟವನ್ನೂ ಬೇರ್ಪಡಿಸುತ್ತದೆ. ಆಯುರ್ವೇದದ ಕ್ಲೇದಕ ಕಫ, ಪಾಚಕ ಪಿತ್ತ, ಸಮಾನ ವಾಯುಗಳು ಇಲ್ಲಿ ಗುರುತಾಗುತ್ತವೆ. ಬೇರ್ಪಟ್ಟ ಸಾರಕ್ಕೆ ‘ದಂಗ್ಮಾ’ ಎಂದು ಹೆಸರು. ಅದು ಒಂಬತ್ತು ನಾಳಗಳ ಮೂಲಕ ಯಕೃತ್ತನ್ನು ಸೇರಿ ರಕ್ತವಾಗುತ್ತದೆ, ರಕ್ತದಿಂದ ಮಾಂಸ, ಮಾಂಸದಿಂದ ಮೇದಸ್ಸು, ಮೇದಸ್ಸಿನಿಂದ ಮೂಳೆ, ಮೂಳೆಯಿಂದ ಮಜ್ಜೆ, ಮಜ್ಜೆಯಿಂದ ಶುಕ್ರ ಹೀಗೆ ಒಂದರಿಂದೊಂದು ಹುಟ್ಟುತ್ತಾ ಹೋಗುತ್ತದೆ. ಈ ಸರಪಳಿಯ ಮೊದಲ ಕೊಂಡಿಯೇ ಸಡಿಲವಾದರೆ ಮುಂದಿನ ಯಾವ ಕೊಂಡಿಯನ್ನು ಬಿಗಿದರೂ ಪ್ರಯೋಜನವಿಲ್ಲ ಎಂಬುದು ಈ ವೈದ್ಯದ ದೃಢವಾದ ನಿಲುವು. ಆದ್ದರಿಂದಲೇ ಅಜೀರ್ಣವನ್ನು, ಅದರ ಭಾಷೆಯಲ್ಲಿ ‘ಮಾಜುವಾ’ವನ್ನು, ಎಲ್ಲ ಒಳರೋಗಗಳ ಮೂಲವೆಂದು ಅದು ಎಣಿಸುತ್ತದೆ, ಊದುವಿಕೆ, ಗುಲ್ಮ, ಜಲೋದರಗಳನ್ನು ಕೂಡ ಬಹುಕಾಲ ಕಡೆಗಣಿಸಿದ ಅಜೀರ್ಣದ ಮುಂದಿನ ಹಂತಗಳೆಂದು ವಿವರಿಸುತ್ತದೆ. ಈ ವಿವರಣೆಯನ್ನು ಈಗಿನ ರೋಗಶಾಸ್ತ್ರ ಹಾಗೆಯೇ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೂ ಸಣ್ಣದೆಂದು ಬಿಡುವ ತೊಂದರೆಯನ್ನು ಮೊದಲೇ ಗಮನಿಸಬೇಕೆಂಬ ಶಿಸ್ತನ್ನು ವೈದ್ಯನಲ್ಲಿ ಬೆಳೆಸಿದ್ದು ಇದೇ ವಿವರಣೆ, ಅದರ ಬೆಲೆ ಕಡಿಮೆಯಲ್ಲ.

ವಿದ್ಯಾರ್ಥಿ: ಮೇಡ್ರೋ ಕುಗ್ಗಿದೆಯೆಂದು ವೈದ್ಯ ತಿಳಿಯುವುದು ಹೇಗೆ?

ಪಂಡಿತರು: ಉಂಡ ಮೇಲೆ ಹೊಟ್ಟೆ ಭಾರ, ತೇಗು, ಬಾಯಿಗೆ ರುಚಿಯಿಲ್ಲದಿರುವುದು, ತಣ್ಣನೆಯದನ್ನು ತಿಂದಾಗ ತೊಂದರೆ ಹೆಚ್ಚುವುದು, ಬಿಸಿನೀರು ಕುಡಿದಾಗ ಹಿತವೆನಿಸುವುದು, ಇವು ರೋಗಿ ತಾನೇ ಹೇಳುವ ಲಕ್ಷಣಗಳು. ಇದರ ಜೊತೆಗೆ ನಾಡಿ ಆಳದಲ್ಲಿ ಕ್ಷೀಣವಾಗಿ, ನಿಧಾನವಾಗಿ ಮಿಡಿಯುತ್ತದೆ. ನಾಲಗೆ ಬಿಳಿಚಿಕೊಂಡು, ದಪ್ಪವಾಗಿ, ಒದ್ದೆಯಾಗಿ ಕಾಣುತ್ತದೆ. ಮೂತ್ರ ಬಣ್ಣಗೆಟ್ಟು, ವಾಸನೆಯೂ ಹಬೆಯೂ ಕಡಿಮೆಯಾಗಿರುತ್ತದೆ. ಇವೆಲ್ಲ ಒಂದೇ ಕಡೆ ಬೆರಳು ತೋರಿಸಿದಾಗಲೂ ಔಷಧ ತಕ್ಷಣ ಬರುವುದಿಲ್ಲ. ಮೊದಲು ಆಹಾರ, ಆಮೇಲೆ ನಡೆನುಡಿ, ಅವೆರಡರಿಂದಲೂ ಆಗದಿದ್ದರೆ ಮಾತ್ರ ಔಷಧ ಎಂಬುದು ಶಾಸ್ತ್ರದ ಕ್ರಮ. ಕುದಿಸಿದ ನೀರೇ ಅಜೀರ್ಣದ ಮೊದಲ ಮದ್ದು. ಹೊಟ್ಟೆಯ ಅರ್ಧಭಾಗವನ್ನು ಅನ್ನಕ್ಕೆ, ಕಾಲುಭಾಗವನ್ನು ಪಾನೀಯಕ್ಕೆ ಕೊಟ್ಟು, ಉಳಿದ ಕಾಲುಭಾಗವನ್ನು ವಾತದ ಓಡಾಟಕ್ಕೆ ಖಾಲಿ ಬಿಡಬೇಕೆಂಬ ನಿಯಮವೂ ಇದೆ, ಅದು ವಾಗ್ಭಟನಲ್ಲೂ ಕಾಣುವ ನಿಯಮ.

ವಿದ್ಯಾರ್ಥಿ: ಬಿಸಿಯೇ ಬೇಕಾಗಿದ್ದರೆ ಹಿಪ್ಪಲಿಯೊಂದೇ ಸಾಲದೇ? ಶುಂಠಿ, ಮೆಣಸುಗಳು ದಾಳಿಂಬೆಗಿಂತ ಎಷ್ಟೋ ಖಾರವಾದವು. ಇಂಥ ಯೋಗದಲ್ಲಿ ಹುಳಿ ಹಣ್ಣಿನ ಬೀಜಕ್ಕೆ ಮೊದಲ ಸ್ಥಾನ ಸಿಕ್ಕಿದ್ದೇಕೆ?

ಪಂಡಿತರು: ಔಷಧದ ತಿರುಳು ಈ ಪ್ರಶ್ನೆಯಲ್ಲಿದೆ. ಟಿಬೆಟನ್ ಔಷಧಶಾಸ್ತ್ರ ಯೋಗವೊಂದನ್ನು ರಾಜ್ಯದಂತೆ ಕಾಣುತ್ತದೆ: ಅದರಲ್ಲಿ ರಾಜ, ರಾಣಿ, ಮಂತ್ರಿ, ಪ್ರಜೆಗಳಿದ್ದಾರೆ, ಔಷಧವನ್ನು ರೋಗದ ನೆಲೆಗೆ ಒಯ್ಯುವ ಬಿಸಿನೀರು, ಸಕ್ಕರೆ, ಜೇನು ಮೊದಲಾದವನ್ನು ‘ಮೆಂತಾ’, ಎಂದರೆ ಔಷಧದ ಕುದುರೆ, ಎಂದು ಕರೆಯಲಾಗುತ್ತದೆ, ಆಯುರ್ವೇದದ ಅನುಪಾನವೇ ಅದು. ಸೆಂದು ಙಾಪದಲ್ಲಿ ರಾಜ ದಾಳಿಂಬೆ, ಪ್ರಮಾಣದಲ್ಲೂ ಅದೇ ಹೆಚ್ಚು. ಹಿಪ್ಪಲಿಯ ಉಷ್ಣ ತೀಕ್ಷ್ಣವಾದದ್ದು. ಅದನ್ನು ಒಂಟಿಯಾಗಿ ದೀರ್ಘಕಾಲ ಕೊಟ್ಟರೆ ಕಫವನ್ನು ಕರಗಿಸುವ ಭರದಲ್ಲಿ ಪಿತ್ತವನ್ನು ಕೆರಳಿಸಬಹುದು, ಅದರ ರೂಕ್ಷತೆ, ಎಂದರೆ ಒಣಗಿಸುವ ಗುಣ, ವಾತವನ್ನೂ ಕದಡಬಹುದು. ದಾಳಿಂಬೆಯ ರಸ ಹುಳಿ ಮತ್ತು ಸಿಹಿ, ವೀರ್ಯ ಉಷ್ಣ, ಗುಣ ಸ್ನಿಗ್ಧ, ಎಂದರೆ ಜಿಡ್ಡಿನ ಮೃದುತ್ವವುಳ್ಳದ್ದು. ಅದು ಬಿಸಿಯನ್ನು ಕೊಡುತ್ತದೆ, ಸುಡುವುದಿಲ್ಲ. ಹೊಟ್ಟೆಯ ಎಲ್ಲ ತೊಂದರೆಗಳಿಗೂ ಅದು ಮದ್ದೆಂದು ಗ್ರಂಥಗಳು ಹೊಗಳುವುದು ಈ ಕಾರಣದಿಂದ. ದಾಲ್ಚಿನ್ನಿ ಜಠರ ಯಕೃತ್ತುಗಳ ಶೀತವನ್ನು ಕಳೆಯುತ್ತದೆ. ಏಲಕ್ಕಿಯನ್ನು ಈ ಪರಂಪರೆ ಮೂತ್ರಪಿಂಡಕ್ಕೆ ಹಿತವಾದ ಶ್ರೇಷ್ಠ ದ್ರವ್ಯವೆಂದು ಎಣಿಸುತ್ತದೆ, ಸೊಂಟದ ಭಾಗದ ಶೀತ ಹೊಟ್ಟೆಯನ್ನೂ ಕುಗ್ಗಿಸುತ್ತದೆಂದು ಅದು ನಂಬುವುದರಿಂದ ಇಲ್ಲಿ ಅದಕ್ಕೆ ಸ್ಥಾನ ಸಿಕ್ಕಿದೆ. ಹಿಪ್ಪಲಿಯೂ ಗಡ್ಡೆಯೂ ಕಫವನ್ನು ಕಡಿಯುತ್ತವೆ. ಆರಿಹೋಗುತ್ತಿರುವ ಒಲೆಗೆ ಒಮ್ಮೆಲೇ ದಪ್ಪ ಕಟ್ಟಿಗೆ ತುರುಕದೆ ತರಗು ಪುರಲೆಗಳನ್ನು ಒಂದೊಂದಾಗಿ ಇಡುವ ಜಾಣತನ ಈ ಯೋಜನೆಯಲ್ಲಿದೆ.

ವಿದ್ಯಾರ್ಥಿ: ಇಷ್ಟು ಮೃದುವಾದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ತಿನ್ನಬಹುದೆಂದು ತೋರುತ್ತದೆ.

ಪಂಡಿತರು: ಹಾಗೆ ತಿಳಿಯುವುದು ಅಪಾಯ. ಹೊಟ್ಟೆಯ ತೊಂದರೆಗಳೆಲ್ಲ ಶೀತದಿಂದ ಬಂದವಲ್ಲ. ಟಿಬೆಟನ್ ವೈದ್ಯರು ಬಹಳ ಎಚ್ಚರದಿಂದ ವಿವರಿಸುವ ರೋಗವೊಂದಿದೆ, ಅದಕ್ಕೆ ‘ಬೇಕೆನ್ ಮುಗ್ಪೊ’, ಎಂದರೆ ಕಂದುಬಣ್ಣದ ಕಫ, ಎಂದು ಹೆಸರು. ಕಫದ ಜೊತೆಗೆ ರಕ್ತ, ಪಿತ್ತ, ವಾತ ಮೂರೂ ಕೆಟ್ಟು ಬೆರೆತಾಗ ಹುಟ್ಟುವ ಈ ರೋಗದಲ್ಲಿ ಎದೆಯುರಿ, ಹುಳಿತೇಗು, ನೋವು, ಕೆಲವೊಮ್ಮೆ ಕಂದು ವಾಂತಿ ಕಾಣಿಸಿಕೊಳ್ಳುತ್ತವೆ. ಈಗಿನ ವೈದ್ಯ ಜಠರದ ಹುಣ್ಣು ಎನ್ನುವ ಸ್ಥಿತಿಯ ಹಲವು ಚಹರೆಗಳು ಅದರಲ್ಲಿವೆ. ಆಯುರ್ವೇದದಲ್ಲಿ ಅದಕ್ಕೆ ಸರಿಸಾಟಿಯಾದ ಒಂದೇ ಹೆಸರಿಲ್ಲದಿರುವುದು ಟಿಬೆಟನ್ ವೈದ್ಯರ ಸ್ವಂತ ನಿರೀಕ್ಷಣೆಗೆ ಸಾಕ್ಷಿ. ಅಂಥಲ್ಲಿ ಬಿಸಿ ಮದ್ದು ಕೊಟ್ಟರೆ ರಕ್ತಪಿತ್ತಗಳು ಕೆರಳುತ್ತವೆ, ತಣ್ಣನೆಯದನ್ನು ಕೊಟ್ಟರೆ ಕಫವಾತಗಳು ಹೆಚ್ಚುತ್ತವೆ. ಆದ್ದರಿಂದ ಸುಣ್ಣದ ಅಂಶವುಳ್ಳ ‘ಚೋಂಗ್ಶಿ’ ಎಂಬ ಖನಿಜವನ್ನು ಶೋಧಿಸಿ ಮಾಡಿದ ‘ದಾಶೆಲ್’ದಂಥ ಬಹುದ್ರವ್ಯ ಯೋಗಗಳನ್ನು ಬಳಸಲಾಗುತ್ತದೆ. ಸೆಂದು ಙಾಪ ಎಲ್ಲಿ ಸಲ್ಲುತ್ತದೆಂಬುದನ್ನು ಕಲಿಯುವುದಕ್ಕಿಂತ ಎಲ್ಲಿ ಸಲ್ಲದೆಂಬುದನ್ನು ಕಲಿಯುವುದಕ್ಕೆ ಹೆಚ್ಚು ಕಾಲ ಬೇಕು.

ವಿದ್ಯಾರ್ಥಿ: ಪ್ರಯೋಗಶಾಲೆಯ ಪರೀಕ್ಷೆಗೆ ಈ ಔಷಧ ಹೇಗೆ ನಿಲ್ಲುತ್ತದೆ?

ಪಂಡಿತರು: ಬಿಡಿ ದ್ರವ್ಯಗಳ ಬಗ್ಗೆ ತಿಳಿದದ್ದು ಹೆಚ್ಚು, ಐದೂ ಸೇರಿದ ಯೋಗದ ಬಗ್ಗೆ ತಿಳಿದದ್ದು ಕಡಿಮೆ. ಹಿಪ್ಪಲಿಯ ಖಾರಕ್ಕೆ ಕಾರಣವಾದ ಪೈಪರಿನ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಏಲಕ್ಕಿಯ ಸುಗಂಧತೈಲದ ಸಿನಿಯೋಲ್, ಇವೆಲ್ಲ ಚೆನ್ನಾಗಿ ಅಧ್ಯಯನವಾದ ವಸ್ತುಗಳು. ಟಿಬೆಟನ್ ಸೂತ್ರವನ್ನು ಆಧರಿಸಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗುವ ‘ಪದ್ಮ ಲ್ಯಾಕ್ಸ್’ ಎಂಬ ಬೇರೊಂದು ಔಷಧವನ್ನು ಮಲಬದ್ಧತೆ ಪ್ರಧಾನವಾದ ಕರುಳಿನ ಕಿರಿಕಿರಿಯ ರೋಗಿಗಳ ಮೇಲೆ ಇಸ್ರೇಲಿನಲ್ಲಿ ಪರೀಕ್ಷಿಸಿ, 2002ರಲ್ಲಿ ಪ್ರಕಟಿಸಿದ ಫಲಿತಾಂಶ ಆಶಾದಾಯಕವಾಗಿತ್ತು. ಆದರೆ ಅದು ಸಣ್ಣ ಪ್ರಯೋಗ, ಅದರ ದ್ರವ್ಯಗಳೂ ಬೇರೆ. ಅದರ ಕೀರ್ತಿಯನ್ನು ದಾಳಿಂಬೆಯ ಐದಕ್ಕೆ ವರ್ಗಾಯಿಸುವುದು ಪ್ರಾಮಾಣಿಕ ವಿದ್ವತ್ತಿನ ಲಕ್ಷಣವಲ್ಲ. ಸಂಪ್ರದಾಯದ ಮೇಲಿನ ಗೌರವವೇ ಇಂಥ ಅಡ್ಡದಾರಿಯಿಂದ ದೂರವಿರುವಂತೆ ಕೇಳುತ್ತದೆ.

ವಿದ್ಯಾರ್ಥಿ: ಲಾಸಾದಲ್ಲಿ ಬೆಳೆದ ಈ ವಿದ್ಯೆ ಭಾರತದಲ್ಲಿ ಈಗ ಯಾವ ಸ್ಥಿತಿಯಲ್ಲಿದೆ?

ಪಂಡಿತರು: 1696ರಲ್ಲಿ ದೇಸಿ ಸಂಗ್ಯೇ ಗ್ಯಾತ್ಸೊ ಲಾಸಾದ ಚಕ್ಪೋರಿ ಬೆಟ್ಟದ ಮೇಲೆ ವೈದ್ಯವಿದ್ಯಾಲಯವನ್ನು ಸ್ಥಾಪಿಸಿದನು, ಗ್ಯೂಶಿಗೆ ‘ನೀಲವೈಡೂರ್ಯ’ವೆಂಬ ಭಾಷ್ಯವನ್ನು ಬರೆದು, ಅದನ್ನು ವಿವರಿಸುವ 79 ಚಿತ್ರಪಟಗಳ ಮಾಲೆಯನ್ನು ಬರೆಯಿಸಿದವನೂ ಅವನೇ. ಆ ವಿದ್ಯಾಲಯ 1959ರಲ್ಲಿ ನಾಶವಾಯಿತು. 1916ರಲ್ಲಿ 13ನೆಯ ದಲೈ ಲಾಮಾ ಲಾಸಾದಲ್ಲಿ ಆರಂಭಿಸಿದ್ದ ‘ಮೆನ್-ತ್ಸೀ-ಖಾಂಗ್’, ಎಂದರೆ ವೈದ್ಯ ಮತ್ತು ಜ್ಯೋತಿಷ ಸಂಸ್ಥೆ, 1961ರಲ್ಲಿ ಭಾರತದ ಧರ್ಮಶಾಲಾ ಪಟ್ಟಣದಲ್ಲಿ ಪುನಃ ತಲೆಯೆತ್ತಿತು. ಭಾರತ ಸರ್ಕಾರ 2010ರಲ್ಲಿ ಕಾನೂನಿನ ತಿದ್ದುಪಡಿಯ ಮೂಲಕ ಈ ಪದ್ಧತಿಗೆ ‘ಸೋವಾ ರಿಗ್ಪಾ’ ಎಂಬ ಹೆಸರಿನಲ್ಲಿ ಮಾನ್ಯತೆ ನೀಡಿತು. ಅಷ್ಟರಲ್ಲಿ ಟಿಬೆಟನ್ನರ ದೊಡ್ಡ ನೆಲೆಗಳು ಕರ್ನಾಟಕದಲ್ಲೇ ಬೇರುಬಿಟ್ಟಿದ್ದವು: 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆ, 1966ರಲ್ಲಿ ಮುಂಡಗೋಡು, ಆಮೇಲೆ ಹುಣಸೂರು, ಕೊಳ್ಳೇಗಾಲಗಳ ಬಳಿಯ ವಸತಿಗಳು. ಮೆನ್-ತ್ಸೀ-ಖಾಂಗಿನ ಚಿಕಿತ್ಸಾಲಯಗಳು ಅಲ್ಲಿಗೂ ಬೆಂಗಳೂರಿಗೂ ಬಂದವು, ಕನ್ನಡಿಗರೂ ಅಲ್ಲಿಗೆ ಹೋಗಿ ನಾಡಿ ತೋರಿಸುತ್ತಾರೆ. ಹೀಗೆ ಏಲಕ್ಕಿ ಬೆಳೆಯುವ ಕೊಡಗಿನ ಗಡಿಯಲ್ಲೇ, ಏಲಕ್ಕಿಯನ್ನು ಎಂದೂ ಬೆಳೆಯದ ನಾಡಿನ ಔಷಧವನ್ನು ಕೊಡಲಾಗುತ್ತಿದೆ.

ವಿದ್ಯಾರ್ಥಿ: ಚಳಿಯ ನಾಡಿನ ಹುರಿದ ಜವೆಯ ಹಿಟ್ಟು, ಒಣಮಾಂಸ, ಬೆಣ್ಣೆ ಚಹಾಗಳಿಗೆ ಒಗ್ಗಿದ ಹೊಟ್ಟೆಗೆಂದು ರೂಪುಗೊಂಡ ಮದ್ದು, ಅನ್ನ ಸಾರು ಉಣ್ಣುವ ಸೆಕೆಯ ನಾಡಿನವರಿಗೆ ಹೊಂದುವುದೇ?

ಪಂಡಿತರು: ಹೊಂದುವುದೆಂದಾಗಲಿ ಹೊಂದದೆಂದಾಗಲಿ ಒಟ್ಟಾರೆ ತೀರ್ಪು ಕೊಡಲು ಶಾಸ್ತ್ರ ಒಪ್ಪುವುದಿಲ್ಲ. ದೇಶ, ಋತು, ಪ್ರಕೃತಿ, ವಯಸ್ಸು, ಅಗ್ನಿ, ಬಲ, ಅಭ್ಯಾಸ ಇವನ್ನೆಲ್ಲ ರೋಗಿ ರೋಗಿಗೂ ಬೇರೆಬೇರೆಯಾಗಿ ತೂಗಿ ನೋಡಬೇಕೆಂದು ಅದು ವಿಧಿಸುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಅಗ್ನಿ ಕುಗ್ಗಿದವನಿಗೆ ಇದು ಸಲ್ಲಬಹುದು. ಬೇಸಿಗೆಯಲ್ಲಿ ಎದೆಯುರಿಯಿಂದ ನರಳುವವನಿಗೆ ಸಲ್ಲದು.

ವಿದ್ಯಾರ್ಥಿ: ಬೇರೆ ಔಷಧಗಳನ್ನು ನಿತ್ಯ ಸೇವಿಸುವವರು ಇದನ್ನು ಕೇಳಿದರೆ?

ಪಂಡಿತರು: ಆಗ ಆ ಔಷಧಗಳನ್ನು ಕೊಟ್ಟ ವೈದ್ಯರಿಗೂ ಟಿಬೆಟನ್ ವೈದ್ಯರಿಗೂ ವಿಷಯ ತಿಳಿದಿರಬೇಕು. ಪೈಪರಿನ್ ಕೆಲವು ಔಷಧಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಹೆಚ್ಚಿಸುತ್ತದೆ, ಹೀಗಾಗಿ ಮಿತಿಯಲ್ಲಿ ಕೊಟ್ಟ ಮಾತ್ರೆಯೂ ಮಿತಿಮೀರಬಹುದು. ದಾಲ್ಚಿನ್ನಿಯ ಹೆಸರಿನಲ್ಲಿ ಮಾರುಕಟ್ಟೆಗೆ ಬರುವ ದಪ್ಪ ಚಕ್ಕೆಯಲ್ಲಿ ಕೂಮರಿನ್ ಎಂಬ ವಸ್ತು ಹೆಚ್ಚಾಗಿದ್ದು, ಯಕೃತ್ತಿನ ತೊಂದರೆಯಿರುವವರು ಅದನ್ನು ಬಹುಕಾಲ ಸೇವಿಸುವುದು ಒಳ್ಳೆಯದಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ನಿಲ್ಲದ ವಾಂತಿ, ನುಂಗಲು ಕಷ್ಟ, ಇವುಗಳಲ್ಲಿ ಒಂದು ಕಂಡರೂ ಗುಳಿಗೆಯನ್ನು ಬದಿಗಿಟ್ಟು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು. ಉಳಿದಂತೆ, ವೈದ್ಯನು ನೋಡಿ ಕೊಟ್ಟದ್ದನ್ನು ಅವನು ಹೇಳಿದ ಹೊತ್ತಿಗೆ ಅಗಿದು ಅಥವಾ ಪುಡಿಮಾಡಿ ಬಿಸಿನೀರಿನೊಡನೆ ಸೇವಿಸಿ, ಆ ದಿನಗಳಲ್ಲಿ ತಣ್ಣನೆಯ, ಹಸಿಯ, ಜಡವಾದ ಆಹಾರವನ್ನು ಬಿಡುವುದು ಕ್ರಮ. ಅವನ್ನು ಬಿಡದೆ ತಿಂದ ಗುಳಿಗೆಯಿಂದ ಹೆಚ್ಚಿನ ಫಲವನ್ನು ಆ ಪರಂಪರೆಯ ವೈದ್ಯರೂ ನಿರೀಕ್ಷಿಸುವುದಿಲ್ಲ.